ಬಿಚ್ಚಿ ಕೊಟ್ಟ ಹಾರ

27994681. ಮುಖ ನೋಡಿ ಮಣೆ ಹಾಕುವವರು ಈ ಸಂಖ್ಯೆಗೆ ಮಣೆ ಹಾಕಲಾರರು. ಲಯವಿಲ್ಲ, ಲಕ್ಷಣವಿಲ್ಲ, ಯಾರದೋ ಮೊಬೈಲ್ ನಂಬರಿನಿಂದ ಎರಡಂಕಿ ಉದುರಿದಂತಿದೆ. ಮಳೆ ಹಿಡಿದ ಒಂದು ಸಂಜೆ ನರಿಕೊಂಬಿನ ಜಗಲಿಯಲ್ಲಿ ಕೂತು ಇದನ್ನು 441ರಿಂದ ಗುಣಿಸಿದೆ, ಪೆನ್ಸಿಲಿನಲ್ಲೇ. ಬಂದದ್ದು 12345654321.

ಕ್ಯಾಲ್ಕುಲೇಟರ್ ಬೇಡ. ಗುಂಡಿ ಒತ್ತಿದರೆ ಉತ್ತರ ಇಡಿಯಾಗಿ ಬಂದು ಬೀಳುತ್ತದೆ. ಕೈಲೆಕ್ಕದಲ್ಲಾದರೆ ಬಲದಿಂದ 1, 2, 3 ಎಂದು ಒಂದೊಂದೇ ಮಣಿ ಬಂದು ಕೂರುತ್ತದೆ. ಆರರವರೆಗೆ ಏರಿದ ಮೇಲೆ ಐದು ಕಂಡಾಗಲೇ ಮುಖ ಅರಳುವುದು. ‘ವಿಕಟಕವಿ’ಯ ಹಾಗೆ ಎತ್ತಲಿಂದ ಓದಿದರೂ ಒಂದೇ. ಬಾಯಿಬಿಟ್ಟು ಕೋಟಿ, ಲಕ್ಷ ಎಂದು ಓದಿದಿರೋ, ಆ ಚೆಲುವು ಹೋಯಿತು.

ಲೆಕ್ಕ ನನ್ನದಲ್ಲ, 9ನೇ ಶತಮಾನದ್ದು. ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದ ಗುಣಾಕಾರದ ಭಾಗದಲ್ಲಿ ಇಂಥ ಹಲವನ್ನು ಕೊಟ್ಟು, ಕೆಲವು ಉತ್ತರಗಳನ್ನು ಕೊರಳ ಹಾರವೆಂದೇ ಕರೆದರು. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಮದರಾಸಿನಲ್ಲಿ ಅಚ್ಚುಮಾಡಿಸಿದಾಗ ನೆರವಾದ ಪ್ರತಿಗಳಲ್ಲಿ ಒಂದು ನಮ್ಮ ಮೂಡುಬಿದಿರೆಯ ಜೈನ ಮಠದಲ್ಲಿದ್ದ ತಾಳೆಗರಿಯಿಂದ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡದ್ದು. ಸಾವಿರ ಕಂಬದ ಬಸದಿಗೆ ಹೋಗಿ ಕಂಬ ಎಣಿಸುವವರು ಈ ಲೆಕ್ಕವನ್ನೂ ನೆನೆಯಲಿ.

ಹಾರದ ಗುಟ್ಟು ಇಷ್ಟೆ: ಅದು 111111ರ ವರ್ಗ. ಆರು ಒಂದುಗಳ ಸಾಲನ್ನು ಆರು ಸಲ, ಒಂದೊಂದು ಮನೆ ಎಡಕ್ಕೆ ಸರಿಸಿ ಬರೆದು ಕೂಡಿದರೆ ನಡುವೆ ಆರು ಒಂದುಗಳು ಸೇರುತ್ತವೆ, ಅಂಚಿನಲ್ಲಿ ಒಂದೇ ಉಳಿಯುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 36, ಅದೂ ವರ್ಗವೇ. ಆ 36ರಿಂದ ಹಾರವನ್ನು ಗುಣಿಸಿ ನೋಡಿ, 666666ರ ವರ್ಗ! ಒಂಬತ್ತು ಒಂದುಗಳವರೆಗೂ ಈ ಏರಿಳಿತ ನಡೆಯುತ್ತದೆ. ಹತ್ತಕ್ಕೆ ನಡುವೆ ದಶಕ ನುಗ್ಗಿ 1234567900987654321 ಆಗುತ್ತದೆ, ಏರುವ ಕಡೆಯ ಎಂಟು ಕಾಣೆ.

ಇದೆಲ್ಲ ಬಲ್ಲವರಿಗೆ ಹಳತು. ನನಗೆ ರುಚಿಸುವುದು ಆಚಾರ್ಯರು ಹಾರವನ್ನು ಬಿಚ್ಚಿದ ಬಗೆ. 111111 ಅಂದರೆ 3, 7, 11, 13, 37ರ ಗುಣಲಬ್ಧ. 11ನ್ನು ಮಾತ್ರ ತೆಗೆದು ಅದರ ವರ್ಗ 121ರಿಂದ ಗುಣಿಸಿ ಎಂದಿದ್ದರೆ ಎದುರಿನ ಸಂಖ್ಯೆ 102030201 ಆಗುತ್ತಿತ್ತು; ಅದೇ ಒಂದು ಹಾರ, ಪೆಟ್ಟಿಗೆ ತೆರೆಯುವ ಮೊದಲೇ ಒಡವೆ ಹೊಳೆದುಬಿಡುತ್ತಿತ್ತು. ಅವರು 3 ಮತ್ತು 7ನ್ನು ತೆಗೆದರು. 21ರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗವೇ ಲಕ್ಷಣವಿಲ್ಲದ ನಮ್ಮ 27994681. ಆಕಸ್ಮಿಕವೆಂದು ನಾನಂತೂ ನಂಬೆ. 12345679ನ್ನು ಒಂಬತ್ತರಿಂದ ಗುಣಿಸಿ ಒಂಬತ್ತು ಒಂದುಗಳನ್ನು ತರುವ ಲೆಕ್ಕವೂ ಅವರಲ್ಲಿದೆ, ಆದರೆ ಅಲ್ಲಿ ಅಂಕಿಗಳ ಸಾಲೇ ಮೊದಲು ಕಣ್ಣು ಮಿಟುಕಿಸಿಬಿಡುತ್ತದೆ.

ಅದೇ ಪುಸ್ತಕದ್ದು ಇನ್ನೊಂದು: 152207ನ್ನು 73ರಿಂದ ಗುಣಿಸಿ. ಪೆನ್ಸಿಲಿನಲ್ಲಿ. ಮುಂದಿನ ವಾರ ಮಾತಾಡೋಣ.