‘ಇನ್ನೂ ಸ್ವಲ್ಪ ಬಿಸಿ’ ಎಂದರೆ ಹಾಕಬೇಡಿ

ಒಳ್ಳೆಯ ಸ್ನಾನ ಎಂದರೆ ಮೈ ಕೆಂಪಗಾಗುವಂತೆ ಸುಡುಸುಡು ನೀರು ಹುಯ್ದುಕೊಳ್ಳುವುದು ಎಂಬುದು ನಮ್ಮಲ್ಲಿ ನರಕ ಚತುರ್ದಶಿಯ ಎಣ್ಣೆಸ್ನಾನದಷ್ಟೇ ಗಟ್ಟಿಯಾಗಿ ಕೂತ ನಂಬಿಕೆ. ವಯಸ್ಸಾದವರ ವಿಷಯದಲ್ಲಂತೂ ಯಾರೂ ಎರಡನೇ ಮಾತಾಡುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಮಂಡಿನೋವು ಇಳಿಯುತ್ತದೆ, ವಾಯು ಹೋಗುತ್ತದೆ, ಎಷ್ಟು ಬಿಸಿ ಬೇಕೆಂಬುದು ಅವರ ಮೈಗೇ ಗೊತ್ತು ಎನ್ನುತ್ತೇವೆ. ಈ ಕೊನೆಯ ಮಾತೇ ಎಲ್ಲಕ್ಕಿಂತ ಅಪಾಯದ್ದು. ಎಷ್ಟೋ ಸಲ ಅವರ ಮೈಗೆ ಗೊತ್ತಾಗುವುದಿಲ್ಲ.

ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಬಿಸಿಯನ್ನು ತಿಳಿಸುವ ನರಗಳು ಮಂದವಾಗುತ್ತವೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರ ಪಾದಕ್ಕೆ ನೀರು ಸುಟ್ಟದ್ದು ತಿಳಿಯುವುದು ಬೊಬ್ಬೆ ಎದ್ದ ಮೇಲೆಯೇ. 60 ಡಿಗ್ರಿ ಸೆಲ್ಸಿಯಸ್ ನೀರು ಆರೋಗ್ಯವಂತ ವಯಸ್ಕರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. 55 ಡಿಗ್ರಿಗೆ ಅರ್ಧ ನಿಮಿಷ ಸಾಕು. ಮಂಡಿ ಹಿಡಿದ ಅಜ್ಜಿ ಮಣೆಯಿಂದ ಎದ್ದು ಪಕ್ಕಕ್ಕೆ ಸರಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹಾಗಾದರೆ ಅವರು ‘ಇನ್ನೊಂದು ತಂಬಿಗೆ ಬಿಸಿನೀರು ಬೆರೆಸೇ’ ಎನ್ನುವುದೇಕೆ? ಚಳಿಯಾಗುತ್ತಿದೆ, ಅದು ನಿಜ. ಆದರೆ ಆ ಚಳಿ ಬಕೆಟ್ಟಿನಲ್ಲಿಲ್ಲ, ಬಚ್ಚಲುಮನೆಯಲ್ಲಿದೆ. ಒಂದು ತಂಬಿಗೆ ಸುರಿದು ಇನ್ನೊಂದು ತಂಬಿಗೆ ಎತ್ತುವಷ್ಟರಲ್ಲಿ ಒದ್ದೆ ಮೈಯ ನೀರು ಆರುತ್ತಾ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಬೆನ್ನಿಗೆ ಕಿಟಕಿಯ ಗಾಳಿ, ಕಾಲಡಿಯಲ್ಲಿ ತಣ್ಣನೆಯ ಟೈಲ್ಸ್. ನಾವು ಕೋಣೆಯ ಚಳಿಗೆ ನೀರಿನಲ್ಲಿ ಔಷಧ ಹುಡುಕುತ್ತೇವೆ. ಮೊದಲು ಒಂದಿಷ್ಟು ಬಿಸಿನೀರು ನೆಲಕ್ಕೆ ಸುರಿದು, ಗಾಳಿ ಹೊಡೆಯುವ ಬಾಗಿಲು ಮುಚ್ಚಿ, ಒಣ ಟವೆಲ್ಲನ್ನು ಹೆಗಲಿಗೆ ಹೊದಿಸಿ ಕೂರಿಸಿದರೆ, ಹ್ಯಾಂಡ್ ಶವರಿನಿಂದ ನೀರು ಬಿಡದೆ ಹರಿಯುವಂತೆ ಮಾಡಿದರೆ, 38–40 ಡಿಗ್ರಿಯ ನೀರೇ ಬೆಚ್ಚಗೆನಿಸುತ್ತದೆ. (ಗ್ಯಾಸ್ ಗೀಸರ್ ಒಳಗೇ ಇರುವ ಬಚ್ಚಲನ್ನು ಮಾತ್ರ ಎಂದೂ ಮುಚ್ಚಬಾರದು. ಅದರ ವಿಷಾನಿಲ ನಮ್ಮ ಊರುಗಳಲ್ಲಿ ಜೀವ ತೆಗೆದಿದೆ.)

ಶಾಖ ಬಿಗಿದ ಕೀಲನ್ನು ಸಡಿಲಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ಆ ಕೆಲಸಕ್ಕೆ ಬೆಚ್ಚನೆಯ ನೀರು ಸಾಕು. ಅದಕ್ಕಿಂತ ಹೆಚ್ಚಾದ ಬಿಸಿ ಚರ್ಮದ ರಕ್ತನಾಳಗಳನ್ನು ಅಗಲಿಸಿ ರಕ್ತದೊತ್ತಡವನ್ನು ಇಳಿಸುತ್ತದೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದವರು ಸ್ನಾನ ಮುಗಿಸಿ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಹೀಗೆ. ‘ಬಚ್ಚಲಲ್ಲಿ ಜಾರಿ ಬಿದ್ದರು’ ಎಂದು ಸೋಪಿನ ಮೇಲೆ ತಪ್ಪು ಹೊರಿಸುತ್ತೇವೆ; ಕೆಲವು ಸಲವಾದರೂ ಬೀಳಿಸಿದ್ದು ನೀರಿನ ಬಿಸಿ. ಚಳಿಗಾಲವಿಡೀ ಅವರು ಮೈ ಕೆರೆದುಕೊಳ್ಳುತ್ತಾ ಕೂರುವುದಕ್ಕೂ ಚರ್ಮದ ಎಣ್ಣೆಯಂಶವನ್ನೆಲ್ಲ ತೊಳೆದು ಒಣಗಿಸುವ ಈ ಕುದಿನೀರು ಕಾರಣವಾಗಬಲ್ಲದು.

ಹಿರಿಯರ ಪದ್ಧತಿ ಎಂದು ವಾದಿಸುವವರು ವಾಗ್ಭಟನ ಅಷ್ಟಾಂಗಹೃದಯವನ್ನು ನೋಡಬೇಕು. ಬಿಸಿನೀರು ಕತ್ತಿನಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಹುಯ್ದರೆ ಕೂದಲಿಗೂ ಕಣ್ಣಿಗೂ ಕೇಡು ಎಂದು ಆಯುರ್ವೇದವೇ ಎಲ್ಲೆ ಹಾಕಿದೆ. ಬಿಸಿನೀರ ಸ್ನಾನವನ್ನು ನಮಗಿಂತ ಹೆಚ್ಚು ಪ್ರೀತಿಸುವ ಜಪಾನಿನಲ್ಲಿ ಪ್ರತಿವರ್ಷ ಸಾವಿರಾರು ಹಿರಿಯರು ಸ್ನಾನದ ತೊಟ್ಟಿಯಲ್ಲೇ ಸಾಯುತ್ತಾರೆ. ಅಲ್ಲಿನ ಸರ್ಕಾರ ಹೇಳುವುದೂ ಇದನ್ನೇ: ನೀರು 41 ಡಿಗ್ರಿ ಮೀರದಿರಲಿ, ತೊಟ್ಟಿಯಲ್ಲಿ 10 ನಿಮಿಷಕ್ಕಿಂತ ಹೆಚ್ಚು ಕೂರಬೇಡಿ, ಬಟ್ಟೆ ಬಿಚ್ಚುವ ಕೋಣೆಯನ್ನು ಮೊದಲೇ ಬೆಚ್ಚಗೆ ಮಾಡಿ.

ಬೆಂಗಳೂರಿನಂಥ ಊರುಗಳಲ್ಲಿ ತಾರಸಿಯ ಸೋಲಾರ್ ಬೇರೆಯದೇ ಕಾಟ. ಗೀಸರಿಗೆ ಥರ್ಮೋಸ್ಟ್ಯಾಟ್ ಇದೆ, ಬಿಸಿಲಿಗೆ ಇಲ್ಲ. ಫೆಬ್ರವರಿ ಕಳೆದ ಮೇಲೆ ಟ್ಯಾಂಕಿನ ನೀರು 70 ಡಿಗ್ರಿ ಮುಟ್ಟುವುದುಂಟು. ನಲ್ಲಿ ತಿರುಗಿಸಿದಾಗ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಬರುತ್ತದೆ. ತಾತ ಇನ್ನಷ್ಟು ತಿರುಗಿಸುತ್ತಾರೆ, ಆಗ ಕುದಿನೀರು ಒಮ್ಮೆಲೇ ಮೈಮೇಲೆ. ಗೀಸರನ್ನೇ 40ಕ್ಕೆ ಇಳಿಸಿಬಿಡಿ ಎಂಬ ಸಲಹೆಯೂ ಸರಿಯಲ್ಲ. ಆ ಬಿಸಿಯಲ್ಲಿ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಟ್ಯಾಂಕಿನಲ್ಲಿ 60 ಇರಲಿ, ಮೈಗೆ ಬೀಳುವ ಮುನ್ನ ತಣ್ಣೀರು ತಾನಾಗಿ ಬೆರೆಯುವ ವಾಲ್ವ್ ಹಾಕಿಸಬೇಕು. ಬ್ರಿಟನ್ನಿನ ವೃದ್ಧಾಶ್ರಮಗಳಲ್ಲಿ ಶವರಿನ ನೀರಿಗೆ 41 ಡಿಗ್ರಿಯ ಮಿತಿ ಕಾಯುವುದು ಇಂಥ ವಾಲ್ವ್‌ನಿಂದಲೇ. ಲಕ್ಷಗಟ್ಟಲೆ ಸುರಿದು ಬಾತ್‌ರೂಮಿಗೆ ಇಟಾಲಿಯನ್ ಮಾರ್ಬಲ್ ಹಾಸುವವರು ಪ್ಲಂಬರನ್ನು ಇದೊಂದನ್ನು ಕೇಳುವುದಿಲ್ಲ.

ವಾಲ್ವ್ ಬರುವವರೆಗೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಬಿಸಿ ಪಾತ್ರೆ ಹಿಡಿದು ಹಿಡಿದು ಮರಗಟ್ಟಿದ ಬೆರಳಿನಿಂದ ನೋಡಬೇಡಿ. ಮೊಣಕೈ ಅದ್ದಿ ನೋಡಿ, ಸಾಧ್ಯವಾದರೆ ಥರ್ಮಾಮೀಟರನ್ನೇ ಇಳಿಬಿಡಿ. ಅಮ್ಮ ‘ತಣ್ಣಗಿದೆ’ ಎಂದರೆ ಜಗಳಕ್ಕೆ ಇಳಿಯದೆ ಕಿಟಕಿ ಮುಚ್ಚಿ, ಬೆನ್ನ ಮೇಲೆ ನೀರು ಬಿಡದೆ ಹರಿಸಿ.