ನೆರೆಯವರ ಕಡುಬು

ಮನೆಗೆ ಬಂದವರು ಒಂದು ಲೋಟ ನೀರನ್ನೂ ಮುಟ್ಟದೆ ಎದ್ದು ಹೋದರೆ ನಮಗೆ ಎಷ್ಟು ಸಂಕಟವಾಗುತ್ತದೆ! ಅಂಥ ಸಂಕಟವನ್ನು ನಾನೂ ಒಬ್ಬರಿಗೆ ಕೊಟ್ಟಿದ್ದೇನೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹನೂರಿನ ಕಡೆ ಶಾಲೆಗೆ ಹೊಸದಾಗಿ ಸೇರಿದ್ದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಟಿಬೆಟಿನ ಅಜ್ಜಿಯೊಬ್ಬರು ಚೀಲದಿಂದ ದಪ್ಪನೆಯ ರೊಟ್ಟಿ ತೆಗೆದು, ಮುರಿದು, ಅರ್ಧವನ್ನು ನನ್ನ ಕಡೆ ಚಾಚಿದರು. ಯಾವ ಪಾತ್ರೆಯೋ ಏನೋ ಎಂದು ನನ್ನ ಮನಸ್ಸು ಹಿಂಜರಿಯಿತು. "ಸೋಮವಾರ, ಒಪ್ಪತ್ತು" ಎಂದೆ. ಅವತ್ತು ಬುಧವಾರ. ಅಜ್ಜಿ ನಕ್ಕು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡರು.

ಲೊಕ್ಕನಹಳ್ಳಿ ದಾಟಿದರೆ ಒಡೆಯರಪಾಳ್ಯ. ಅದರ ಸುತ್ತ 1974ರಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ಧೋಂಡೆನ್‌ಲಿಂಗ್ ಎಂಬ ನೆಲೆ ಆಯಿತು. ಬೈಲುಕುಪ್ಪೆ, ಮುಂಡಗೋಡುಗಳ ನಂತರದ್ದು ಇದು. ಅವರು ಇಲ್ಲಿ ಮುಸುಕಿನ ಜೋಳ ಬೆಳೆದರು, ನಮ್ಮ ಸಂತೆಯಲ್ಲಿ ಸೊಪ್ಪು ಕೊಂಡರು, ಕನ್ನಡ ಕಲಿತರು. ಅವರು ಮಾರಿದ ಸ್ವೆಟರನ್ನು ನಾವು ಹಾಕಿಕೊಂಡೆವು. ಅವರ ಪಂಕ್ತಿಯಲ್ಲಿ ಮಾತ್ರ ಕೂರಲಿಲ್ಲ.

ಕಳೆದ ದಸರಾ ರಜೆಯಲ್ಲಿ ಯಳಂದೂರಿನಿಂದ ತಂಗಿ ಬಂದಿದ್ದಳು. ಇಬ್ಬರೂ ಧೈರ್ಯ ಮಾಡಿ ಅಲ್ಲಿನ ಪುಟ್ಟ ಹೋಟೆಲಿಗೆ ಹೋದೆವು. ನಾಲ್ಕೇ ಮೇಜು. "ಮಾಂಸದ ಪಾತ್ರೆ ಬೇರೆಯಾ?" ಎಂದು ನಾಚಿಕೆ ಬಿಟ್ಟು ಕೇಳಿದೆ. ಹೋಟೆಲಿನಾಕೆ ಮುಖ ಸಿಂಡರಿಸಲಿಲ್ಲ. "ಬೇರೆ ಅದೆ ಅಕ್ಕ, ಬೇಕಾದ್ರೆ ಒಳಗೆ ಬಂದು ನೋಡಿ" ಎಂದಳು, ಅಪ್ಪಟ ನಮ್ಮ ಸೀಮೆಯ ಕನ್ನಡದಲ್ಲಿ.

ಮೊದಲು ಮೊಮೊ ಬಂತು. ಕೋಸು, ಈರುಳ್ಳಿ ತುಂಬಿ ಹಬೆಯಲ್ಲಿ ಬೇಯಿಸಿದ ಮೈದಾ ಕಡುಬು. ಅಂಚನ್ನು ನಾವು ಕರ್ಜಿಕಾಯಿಗೆ ಮಡಿಸುವ ಹಾಗೇ ಮಡಿಸಿದ್ದಳು. ಕಣಕ ತೆಳು, ಒಳಗಿನ ರಸ ಸೋರಿರಲಿಲ್ಲ. ಬೆಳ್ಳುಳ್ಳಿ ಹಾಕಿದ ಕೆಂಪು ಮೆಣಸಿನ ಚಟ್ನಿಗೆ ತಂಗಿಯ ಕಣ್ಣಲ್ಲಿ ನೀರು ಬಂತು, ಆದರೂ ತಟ್ಟೆ ಬಿಡಲಿಲ್ಲ. ಇದಕ್ಕೆ ಹತ್ತಕ್ಕೆ ಒಂಬತ್ತು ಅಂಕ. ತುಕ್ಪಾ ಎಂಬ ಶಾವಿಗೆಯ ತಿಳಿಸಾರಿನಲ್ಲಿ ಶಾವಿಗೆ ಬೆಂದು ಮೆತ್ತಗಾಗಿತ್ತು, ಐದಕ್ಕಿಂತ ಹೆಚ್ಚು ಕೊಡಲಾರೆ.

ಟಿಂಗ್ಮೊ ವಿಷಯದಲ್ಲಿ ಎಡವಿದವಳು ನಾನು. ಹಬೆಯಲ್ಲಿ ಬೆಂದ ಬನ್ನಿನಂಥದ್ದು, ಪದರಪದರವಾಗಿತ್ತು. ಬಾಯಿಗಿಟ್ಟು "ಸಪ್ಪೆ" ಎಂದೆ. ಆಕೆ ಏನೂ ಹೇಳದೆ ಆಲೂಗಡ್ಡೆ ಪಲ್ಯದ ಬಟ್ಟಲನ್ನು ಹತ್ತಿರ ಸರಿಸಿದಳು. ಅದ್ದಿ ತಿಂದಾಗ ಅರ್ಥವಾಯಿತು. ಸಾರಿಲ್ಲದೆ ಬರೀ ಮುದ್ದೆ ನುಂಗಿ ರಾಗಿಗೆ ರುಚಿಯಿಲ್ಲ ಎಂದವರನ್ನು ನಾವು ಏನೆನ್ನುತ್ತೇವೆ?

ಬೆಣ್ಣೆ ಟೀ ಪಟ್ಟಿಯಲ್ಲಿರಲಿಲ್ಲ. ಕೇಳಿದ್ದಕ್ಕೆ ಮನೆಯವರಿಗೆಂದು ಮಾಡಿದ್ದರಲ್ಲೇ ಒಂದಿಷ್ಟು ತಂದಳು. ಅದಕ್ಕೆ ಹಾಕುವುದು ಉಪ್ಪು, ಸಕ್ಕರೆಯಲ್ಲ. ಟೀ ಎಂದುಕೊಂಡರೆ ಗಂಟಲಿಗಿಳಿಯುವುದಿಲ್ಲ, ಸಾರು ಎಂದುಕೊಂಡರೆ ಇಳಿಯುತ್ತದೆ. ಎತ್ತರದ, ಕೊರೆಯುವ ಚಳಿಯ ನಾಡಿನಲ್ಲಿ ಮೈಗೆ ಬೇಕಾದದ್ದು ಈ ಬೆಣ್ಣೆಯೇ. ಹುರಿದ ಬಾರ್ಲಿಯ ಹಿಟ್ಟನ್ನು ಇದರಲ್ಲೇ ಕಲಸಿ ಉಂಡೆ ಮಾಡಿ ತಿನ್ನುತ್ತಾರಂತೆ. ಅದಕ್ಕೆ ತ್ಸಾಂಪಾ ಎಂದು ಹೆಸರು. "ನಮ್ಮ ಹುರಿಹಿಟ್ಟು!" ಎಂದು ತಂಗಿ ಕೂಗಿದಳು. ಆದರೂ ನನಗೆ ಅರ್ಧ ಲೋಟ ಮಾತ್ರ ಕುಡಿಯಲಾಯಿತು. ಇದರಲ್ಲಿ ಮುಚ್ಚಿಡುವುದೇನಿದೆ? ತಿಂದು ನೋಡಿ ಬೇಡ ಎನ್ನುವುದು ಬೇರೆ, ನೋಡದೆಯೇ ಒಪ್ಪತ್ತು ಎನ್ನುವುದು ಬೇರೆ.

"ಮಕ್ಕಳು ಎಲ್ಲಿ?" ಎಂದು ವಿಚಾರಿಸಿದೆ. ಮಗಳು ಬೆಂಗಳೂರಿನಲ್ಲಿ, ಮಗ ಹೊರದೇಶದಲ್ಲಿ. ಇಲ್ಲಿ ಉಳಿದವರೆಲ್ಲ ಹೆಚ್ಚಾಗಿ ವಯಸ್ಸಾದವರೇ ಎಂದಳು. ಐವತ್ತು ವರ್ಷ ನೆರೆಯಲ್ಲಿದ್ದವರ ಒಲೆ ಆರುವ ಹೊತ್ತಿಗೆ ನಾನು ಊಟಕ್ಕೆ ಬಂದಿದ್ದೆ.

ಏಳುವ ಮುಂಚೆ ಆ ದಪ್ಪ ರೊಟ್ಟಿ ಇದೆಯೇ ಎಂದು ಕೇಳಿದೆ. ಬೆಳಗಿನದು ಒಂದು ಉಳಿದಿತ್ತು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಬಸ್ಸಿನಲ್ಲಿ ಮುರಿದು ಅರ್ಧ ತಂಗಿಗೆ ಕೊಟ್ಟು, ಅರ್ಧ ನಾನು ತಿಂದೆ. ಸ್ವಲ್ಪ ಒಣಗಿತ್ತು. ಗೋಧಿಯ ಘಮ ಚೆನ್ನಾಗಿತ್ತು.