ವೀಕ್ಷಣೆ ಮತ್ತು ವ್ಯತಿಕರಣ: ಬೋರ್ ಅವರ ಸ್ಮರಣಲೇಖನವೊಂದರ ಆಕರವಿಮರ್ಶೆ

ಇತಿಹಾಸಕಾರನ ದೃಷ್ಟಿಯೇ ಇತಿಹಾಸವನ್ನು ಮಾರ್ಪಡಿಸುತ್ತದೆಂದು ವಾದಿಸುವವರು ಭೌತವಿಜ್ಞಾನವನ್ನು ಸಾಕ್ಷಿಗೆ ಕರೆಯುವುದುಂಟು. ನೋಡಿದೊಡನೆ ಎಲೆಕ್ಟ್ರಾನು ತನ್ನ ನಡತೆಯನ್ನು ಬದಲಿಸುವುದಾದರೆ ಶಾಸನವೂ ಕಡತವೂ ಏಕೆ ಬದಲಿಸಬಾರದು ಎಂಬುದು ಅವರ ತರ್ಕ. ಈ ಸಾಕ್ಷಿಯು ನಿಜವಾಗಿ ಏನನ್ನು ನುಡಿಯುತ್ತದೆ ಎಂಬುದನ್ನು, ಭೌತವಿಜ್ಞಾನಿಯಲ್ಲದ ನಾನು, ನನಗೆ ಪರಿಚಿತವಾದ ಆಕರವಿಮರ್ಶೆಯ ಮಾರ್ಗದಿಂದಲೇ ಪರೀಕ್ಷಿಸಬಯಸುತ್ತೇನೆ.

ಈ ವಾದಕ್ಕೆ ಮೂಲಾಧಾರಗಳಲ್ಲಿ ಮುಖ್ಯವಾದುದು ನೀಲ್ಸ್ ಬೋರ್ ಅವರ ಒಂದು ಲೇಖನ. ಐನ್‌ಸ್ಟೈನರ ಚಿಂತನೆಯನ್ನು ಕುರಿತು ಷಿಲ್ಪ್ ಅವರು ಸಂಪಾದಿಸಿ 1949ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅದಿದೆ. 1927ರ ಅಕ್ಟೋಬರಿನಲ್ಲಿ ಬ್ರಸೆಲ್ಸ್ ನಗರದ ಐದನೆಯ ಸಾಲ್ವೇ ಸಮ್ಮೇಳನದ ಕಾಲದಲ್ಲಿ ತಮಗೂ ಐನ್‌ಸ್ಟೈನರಿಗೂ ನಡೆದ ವಾದವನ್ನು ಬೋರರು ಅಲ್ಲಿ ನಿರೂಪಿಸಿದ್ದಾರೆ. ಎರಡು ಸೀಳುಗಂಡಿಗಳುಳ್ಳ ಫಲಕದ ಮೂಲಕ ಎಲೆಕ್ಟ್ರಾನುಗಳನ್ನು ಒಂದೊಂದಾಗಿಯೇ ಬಿಟ್ಟರೂ ಹಿಂದಿನ ತೆರೆಯ ಮೇಲೆ ಕ್ರಮೇಣ ವ್ಯತಿಕರಣದ ಪಟ್ಟೆಗಳು ಮೂಡಬೇಕು. ಆ ಫಲಕದ ಮುಂದೆ ಒಂದೇ ಗಂಡಿಯ ಇನ್ನೊಂದು ಫಲಕವನ್ನಿಟ್ಟು, ಕಣವು ಹಾಯುವಾಗ ಅದಕ್ಕೆ ತಗಲುವ ಒದೆತವನ್ನು ಅಳೆದರೆ, ಕಣವು ಮೇಲಿನ ಗಂಡಿಗೆ ಹೋಯಿತೋ ಕೆಳಗಿನದಕ್ಕೋ ತಿಳಿಯುವುದಲ್ಲವೆ, ಪಟ್ಟೆಗಳೂ ಉಳಿಯುವುವಲ್ಲವೆ ಎಂಬುದು ಆಕ್ಷೇಪ. ಬೋರರ ಉತ್ತರ ಸೊಗಸಾದುದು. ಫಲಕವೂ ಅನಿಶ್ಚಿತತಾ ತತ್ತ್ವಕ್ಕೆ ಅಧೀನ. ಅದರ ಸಂವೇಗವನ್ನು ಅಗತ್ಯವಾದಷ್ಟು ಸೂಕ್ಷ್ಮವಾಗಿ ಅರಿತೆವಾದರೆ ಅದರ ಸ್ಥಾನವು ಪಟ್ಟೆಗಳನ್ನು ಅಳಿಸಿಬಿಡುವಷ್ಟು ಅನಿಶ್ಚಿತವಾಗುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಇದು ಇಪ್ಪತ್ತೆರಡು ವರ್ಷಗಳ ಅನಂತರ, ಗೆದ್ದವರೆನಿಸಿಕೊಂಡವರೇ ಬರೆದ ಕಥನ. ಸಮ್ಮೇಳನದ ವರದಿಯು 1928ರಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಅದರಲ್ಲಿ ಐನ್‌ಸ್ಟೈನರ ಚುಟುಕಾದ ಭಾಷಣವೊಂದಿದೆ. ಅಲ್ಲಿರುವುದು ಒಂದೇ ಗಂಡಿ! ಗಂಡಿಯಿಂದ ಹೊರಟು ಅರ್ಧಗೋಳಾಕಾರದ ತೆರೆಯ ತುಂಬ ಹರಡಿದ ಅಲೆಯು ಒಂದು ಬಿಂದುವಿನಲ್ಲಿ ಕಣವಾಗಿ ಕಾಣಿಸಿದೊಡನೆ ಮಿಕ್ಕ ಎಡೆಗಳಲ್ಲಿ ಕಾಣಿಸದಂತೆ ತಡೆಯುವುದು ಯಾವುದು ಎಂಬುದು ಅವರ ಶಂಕೆ. ಅದನ್ನು ಅನಿಶ್ಚಿತತಾ ತತ್ತ್ವದ ಮೇಲಿನ ದಾಳಿಯೆಂದು ಓದಲು ವರದಿಯಲ್ಲಿ ಆಧಾರವಿಲ್ಲ. ಎರಡು ಗಂಡಿಗಳ ವಾದವು ಅಧಿವೇಶನದ ಹೊರಗೆ ನಡೆದಿರಬಹುದು. ಬಿರುಸಾದ ಚರ್ಚೆಗಳು ನಡೆದುವೆಂಬುದಕ್ಕೆ ಎಹ್ರೆನ್‌ಫೆಸ್ಟರು 1927ರ ನವೆಂಬರಿನಲ್ಲಿ ತಮ್ಮ ಶಿಷ್ಯರಿಗೆ ಬರೆದ ಪತ್ರವೇ ಸಾಕ್ಷಿ. ಬೋರರು ಸುಳ್ಳಾಡಿದರೆಂದು ನಾನು ಹೇಳುತ್ತಿಲ್ಲ. ತಾವು ಉತ್ತರ ಕೊಡಬಲ್ಲ ಪ್ರಶ್ನೆಯನ್ನೇ ನೆನಪು ಎತ್ತಿ ಹಿಡಿಯಿತೆಂದು ಮಾತ್ರ ನನ್ನ ಅಭಿಪ್ರಾಯ. ರಾಜರ ಪ್ರಶಸ್ತಿಗಳನ್ನು ಓದಿದವರಿಗೆ ಇದು ಹೊಸದಲ್ಲ.

ಇದರ ಪರಿಣಾಮ ಸಣ್ಣದಲ್ಲ. ಫಲಕದ ಈ ಉದಾಹರಣೆಯನ್ನೇ ನಂಬಿದವರು, ವೀಕ್ಷಣೆಯೆಂದರೆ ಕಣವನ್ನು ತಳ್ಳುವುದು, ಪಟ್ಟೆ ಅಳಿಯುವುದು ಆ ತಳ್ಳಾಟದಿಂದ ಎಂದು ತಿಳಿದರು. ಸ್ವತಃ ಬೋರರೇ 1935ರಲ್ಲಿ ಯಾಂತ್ರಿಕವಾದ ಕ್ಷೋಭೆಯ ಮಾತನ್ನು ಬದಿಗಿರಿಸಿದ್ದರು. 1998ರಲ್ಲಿ ಕಾನ್‌ಸ್ಟಾನ್ಸ್ ವಿಶ್ವವಿದ್ಯಾನಿಲಯದ ಡ್ಯೂರ್, ನಾನ್ ಮತ್ತು ರೆಂಪೆ ಅವರು ರುಬಿಡಿಯಂ ಪರಮಾಣುಗಳ ಮೇಲೆ ಪ್ರಯೋಗ ನಡೆಸಿ, ಮಾರ್ಗದ ಗುರುತನ್ನು ಮೈಕ್ರೋತರಂಗಗಳ ಮೂಲಕ ಪರಮಾಣುವಿನ ಆಂತರಿಕ ಸ್ಥಿತಿಯಲ್ಲಿಯೇ ಉಳಿಸಿದರು. ತಗಲಿದ ಒದೆತವು ಪಟ್ಟೆಗಳನ್ನು ಅಳಿಸಲು ತೀರ ಸಾಲದಷ್ಟು ಅಲ್ಪ. ಆದರೂ ಪಟ್ಟೆಗಳು ಮಾಯವಾದುವು. ಆ ಗುರುತನ್ನು ಯಾರಾದರೂ ಓದಬೇಕೆಂಬ ನಿಬಂಧನೆಯೂ ಇಲ್ಲ. ಮಾರ್ಗವು ಬೇರೊಂದು ಸ್ಥಿತಿಯೊಡನೆ ಹೆಣೆದುಕೊಂಡರೆ ಸಾಕು. ನೋಡುವವನ ಮನಸ್ಸಿಗೆ ಇಲ್ಲಿ ಪಾತ್ರವಿಲ್ಲ. ಆದುದರಿಂದ ನಮ್ಮ ಮಿತ್ರರು ಕರೆದ ಸಾಕ್ಷಿಯು ಅವರ ಪರವಾಗಿ ನುಡಿಯುವುದಿಲ್ಲ.

ಬೋರರ ಲೇಖನದಲ್ಲಿ ಈ ಉಪಕರಣಗಳ ಚಿತ್ರಗಳೂ ಇವೆ: ಪೀಠಕ್ಕೆ ದಪ್ಪ ಬೋಲ್ಟುಗಳಿಂದ ಬಿಗಿದ ಫಲಕ, ಸ್ಪ್ರಿಂಗುಗಳಿಂದ ತೂಗುಬಿಟ್ಟ ಫಲಕ. ಇವನ್ನು 1927ರ ದಾಖಲೆಗಳೆಂಬಂತೆ ನೋಡುವುದು ಸರಿಯಲ್ಲ. ಅವು 1949ರ ಸಂಪುಟದ ಚಿತ್ರಗಳು.